ಪದವಿನ ಮೇಲೊಂದು ರೇಡಿಯೋ ಸ್ಟೇಷನ್: ಕಾಸರಗೋಡಿನಲ್ಲಿ ಫೀಲ್ಡ್ ಡೇ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ. ಅದರ ಕ್ಲಬ್ಬಿನವರು ವರ್ಷಕ್ಕೊಮ್ಮೆ ಮನೆಯ ಮೇಜು, ಗೋಡೆಯ ಪ್ಲಗ್ಗು, ತಾರಸಿಯ ಆಂಟೆನಾ ಎಲ್ಲ ಬಿಟ್ಟು ಬಯಲಿಗೆ ಹೋಗುತ್ತಾರೆ. ಬ್ಯಾಟರಿ, ತಂತಿ, ಹಗ್ಗ ಹೊತ್ತುಕೊಂಡು ಹೋಗಿ ಏನೂ ಇಲ್ಲದ ಜಾಗದಲ್ಲಿ ಸ್ಟೇಷನ್ ಎಬ್ಬಿಸುತ್ತಾರೆ. 24 ಗಂಟೆ ಪಾಳಿಯಲ್ಲಿ ಕೂತು ಆದಷ್ಟು ಮಂದಿಯ ಜೊತೆ ಮಾತಾಡುತ್ತಾರೆ. ಮರುದಿನ ಎಲ್ಲ ಬಿಚ್ಚಿ ಗಂಟುಮೂಟೆ ಕಟ್ಟುತ್ತಾರೆ. ಇದೇ ಫೀಲ್ಡ್ ಡೇ. ಅಮೆರಿಕದ ಹವ್ಯಾಸಿಗಳ ಸಂಘ ಎಆರ್‌ಆರ್‌ಎಲ್ 1933ರಲ್ಲಿ ಶುರು ಮಾಡಿದ್ದು, ಈಗ ಬೇರೆ ದೇಶಗಳಲ್ಲೂ ಬೇರೆ ಬೇರೆ ರೂಪದಲ್ಲಿ ನಡೆಯುತ್ತದೆ.

ಇದು ಪಿಕ್ನಿಕ್ಕೋ, ಸ್ಪರ್ಧೆಯೋ, ಕವಾಯತೋ ಅಂತ ಕೇಳಿದರೆ ಮೂರೂ ಸ್ವಲ್ಪ ಸ್ವಲ್ಪ. ನನ್ನ ಕೇಳಿದರೆ ಕವಾಯತಿನ ಪಾಲೇ ಜಾಸ್ತಿ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ತಂಡ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಅಂಡಮಾನಿಗೆ ಹೋಗಿದ್ದು ಹವ್ಯಾಸಕ್ಕೆ. ಪೋರ್ಟ್ ಬ್ಲೇರಿನಿಂದ ವಿಯು4 ಅಂತ ಶುರುವಾಗುವ ಕಾಲ್‌ಸೈನಿನಲ್ಲಿ (ಸ್ಟೇಷನ್ನಿನ ಗುರುತಿನ ಹೆಸರು) ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಬೇಕು ಅಂತ. 26ನೇ ತಾರೀಕು ಸುನಾಮಿ ಬಂತು. ಖುಷಿಗೆ ಕಟ್ಟಿದ ಸ್ಟೇಷನ್ನೇ ದ್ವೀಪದ ಸುದ್ದಿಯನ್ನು ಹೊರಗೆ ದಾಟಿಸುವ ದಾರಿಯಾಯಿತು. 2018ರಲ್ಲಿ ಕೇರಳ ಮುಳುಗಿದಾಗಲೂ ಹ್ಯಾಮ್‌ಗಳು ಸೆಟ್ಟು ಹಿಡಿದು ಹೊರಟಿದ್ದರು. ಆದ್ದರಿಂದ ಫೀಲ್ಡ್ ಡೇಯನ್ನು ಅಳೆಯಬೇಕಾದ್ದು ಎಷ್ಟು ಕಾಂಟ್ಯಾಕ್ಟ್ ಆಯಿತು ಎಂಬುದರಿಂದಲ್ಲ. ಕಾರಿನ ಡಿಕ್ಕಿ ತೆರೆದ ಮೇಲೆ ಮೊದಲ ಮಾತು ಗಾಳಿಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು? ಅದನ್ನು ನೋಡಿ.

ಮುಂದೆ ಬರೆದಿರುವುದು ಮಂಜೇಶ್ವರದಿಂದ ತೃಕ್ಕರಿಪುರದ ತನಕದ ನಮ್ಮ ನೆಲ, ನಮ್ಮ ಹವೆ, ನಮ್ಮಲ್ಲಿ ಸಿಗುವ ಸಾಮಾನು ಇವನ್ನು ಲೆಕ್ಕಕ್ಕೆ ಹಿಡಿದು.

ಮೊದಲು ತಾರೀಕು

ಅಮೆರಿಕದವರ ಫೀಲ್ಡ್ ಡೇ ಜೂನ್ ತಿಂಗಳ ನಾಲ್ಕನೇ ಪೂರ್ಣ ವಾರಾಂತ್ಯದಲ್ಲಿ. ಶನಿವಾರ 18:00 ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಶುರು, ಅಂದರೆ ನಮಗೆ ರಾತ್ರಿ 11:30. ಜೂನ್ ಕೊನೆಗೆ ಕಾಸರಗೋಡಿನ ಗುಡ್ಡದ ತುದಿಯಲ್ಲಿ, ನಡುರಾತ್ರಿ, ಕೈಯಲ್ಲಿ ತಂತಿ ಹಿಡಿದು ನಿಲ್ಲುವುದು! ಕಲ್ಪಿಸಿಕೊಳ್ಳಿ. ಆ ಸ್ಪರ್ಧೆಗೆ ನಮ್ಮಂಥ ದೂರದ ದೇಶದವರು ಲಾಗ್, ಅಂದರೆ ಯಾರ ಜೊತೆ ಮಾತಾಡಿದೆವು ಎಂಬ ದಾಖಲೆ, ಕಳಿಸುವ ಹಾಗೂ ಇಲ್ಲ. ನಮ್ಮ ಜೊತೆ ಮಾತಾಡಿದರೆ ಅವರಿಗೆ ಅಂಕ ಸಿಗುತ್ತದೆ, ಅಷ್ಟೆ. ಹಾಗಾಗಿ ಜೂನನ್ನು ಅವರಿಗೇ ಬಿಟ್ಟುಬಿಡಿ.

ಅಕ್ಟೋಬರ್, ನವೆಂಬರ್ ಕೂಡ ಬೇಡ. ತುಲಾ ಮಳೆಯ ಕಾಲವದು. ಮಧ್ಯಾಹ್ನದವರೆಗೆ ಬಿಸಿಲು, ಮೂರು ಗಂಟೆ ಕಳೆದರೆ ಪೂರ್ವದಿಂದ ಮೋಡ, ಕಿವಿ ತೂತಾಗುವ ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲೂ ಅದೇ ಕಥೆ, ಮೇಲಿಂದ ಸೆಕೆ. ನಮಗೆ ಒಳ್ಳೆಯದು ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಆಕಾಶ ಶುಭ್ರ, ಸಿಡಿಲಿನ ಕಾಟ ಕಡಿಮೆ, ಬ್ಯಾಂಡಿನಲ್ಲಿ (ಹ್ಯಾಮ್‌ಗಳಿಗೆ ಬಿಟ್ಟಿರುವ ಫ್ರೀಕ್ವೆನ್ಸಿಗಳ ಪಟ್ಟಿ) ಕರಕರ ಶಬ್ದವೂ ಕಡಿಮೆ.

ಆದರೆ ಅದೇ ಕಾಲದಲ್ಲಿ ಅಡಿಕೆ ಕೊಯ್ಲು, ಮದುವೆ, ನೇಮ, ಬಯಲಾಟ ಎಲ್ಲ ಇರುತ್ತದೆ. ಪಕ್ಕದ ಗದ್ದೆಯಲ್ಲಿ ರಾತ್ರಿಯಿಡೀ ಆಟ ಇದ್ದರೆ ಮೈಕ್‌ಸೆಟ್ಟಿನ ಜನರೇಟರ್ ಮತ್ತು ಚೆಂಡೆ ಎರಡೂ ನಿಮ್ಮ ಸೆಟ್ಟಿನೊಳಗೆ ಬರುತ್ತವೆ. ಊರಿನವರ ಹತ್ತಿರ ವಿಚಾರಿಸಿಯೇ ತಾರೀಕು ಹಾಕಿ. ಆಟ ಇದೆ ಅಂತ ಗೊತ್ತಾದರೆ ಒಂದು ವಾರ ಮುಂದೆ ಹಾಕಿ, ಆಟ ನೋಡಿ.

ಕಾಗದಪತ್ರ: ಎರಡು ಮೂರು ತಿಂಗಳ ಮುಂಚೆ

ಹವ್ಯಾಸಿ ರೇಡಿಯೋದ ಲೈಸೆನ್ಸ್ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ವಿಯು3 ಅಂದರೆ ರಿಸ್ಟ್ರಿಕ್ಟೆಡ್ ದರ್ಜೆ, ವಿಯು2 ಅಂದರೆ ಜನರಲ್ ದರ್ಜೆ. ಎರಡಕ್ಕೂ ಅನುಮತಿ ಇರುವ ವಾಟ್‌ಗಳಲ್ಲಿ ವ್ಯತ್ಯಾಸ ಇದೆ. ಬರುವ ಎಲ್ಲರ ಲೈಸೆನ್ಸ್ ಪ್ರತಿ ತರಿಸಿಕೊಂಡು ಯಾರು ಯಾವ ಬ್ಯಾಂಡಿನಲ್ಲಿ ಎಷ್ಟು ವಾಟ್‌ನಲ್ಲಿ ಕೂರಬಹುದು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಅವಧಿ ಮುಗಿದ ಲೈಸೆನ್ಸ್ ಇದ್ದರೆ ಅದೂ ಆಗಲೇ ಹೊರಬರುತ್ತದೆ.

ಲೈಸೆನ್ಸಿನಲ್ಲಿ ಸ್ಟೇಷನ್ನಿನ ವಿಳಾಸ ಇರುತ್ತದೆ. ಬೇರೆ ಜಾಗದಲ್ಲಿ ನಡೆಸುವುದಾದರೆ ಡಬ್ಲ್ಯೂಪಿಸಿಗೆ ಮೊದಲೇ ಬರೆದು ಲಿಖಿತ ಒಪ್ಪಿಗೆ ಕೈಯಲ್ಲಿ ಇಟ್ಟುಕೊಳ್ಳಿ. ಎಟಿ, ಎಯು, 8ಟಿ ಅಂತ ಶುರುವಾಗುವ ವಿಶೇಷ ಕಾಲ್‌ಸೈನ್ ಬೇಕೆಂದಿದ್ದರೆ ಅದನ್ನೂ ಆಗಲೇ ಕೇಳಿ. ಅಂಥ ಕಾಲ್‌ಸೈನ್ ಕೇಳಿಸಿದರೆ ಜನ ಮುಗಿಬೀಳುತ್ತಾರೆ. ಆದರೆ ಕಾಗದ ಬರಲು ಸಮಯ ಹಿಡಿಯುತ್ತದೆ.

ಇನ್ನು ಊರಿನ ಮಟ್ಟ. ಜಾಗದ ಯಜಮಾನರ ಒಪ್ಪಿಗೆ, ಪಂಚಾಯತಿಗೆ ಒಂದು ಪತ್ರ, ಪೊಲೀಸ್ ಠಾಣೆಗೆ ಒಂದು ಪತ್ರ. ನಮ್ಮದು ಕರಾವಳಿ ಜಿಲ್ಲೆ. ಗುಡ್ಡದ ಮೇಲೆ ರಾತ್ರಿ ದೀಪ, ಉದ್ದದ ಕಂಬ, ಇಂಗ್ಲಿಷಿನಲ್ಲಿ ಏನೋ ಸಂಕೇತದ ಮಾತು ಅಂದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ, ಅವರದ್ದು ತಪ್ಪೂ ಅಲ್ಲ. ಅರ್ಜಿಯನ್ನು ಕನ್ನಡದಲ್ಲೇ ಕೊಡಿ, ಕಾಸರಗೋಡಿನಲ್ಲಿ ಅದು ನಮಗಿರುವ ಸೌಲಭ್ಯ, ಬಳಸದಿದ್ದರೆ ಇಲ್ಲವಾಗುತ್ತದೆ. ಆದರೆ ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದ ಅಧಿಕಾರಿಗೆ ಓದಲು ಸುಲಭ ಆಗಲಿ ಅಂತ ಮಲಯಾಳದ ಪ್ರತಿಯನ್ನೂ ಜೊತೆಗೆ ಲಗತ್ತಿಸಿ. ಕೆಲಸ ಬೇಗ ಆಗುತ್ತದೆ.

ಜಾಗ ಆರಿಸುವುದು

ಸೆಟ್ಟಿಗೆ ಸಾವಿರಗಟ್ಟಲೆ ಸುರಿಯುವವರು ಜಾಗ ನೋಡಲು ಒಂದು ಭಾನುವಾರ ಕೊಡುವುದಿಲ್ಲ. ಇದು ನನಗೆ ಅರ್ಥವಾಗದ ವಿಷಯ. ಒಳ್ಳೆಯ ಜಾಗದಲ್ಲಿ ಹಳೇ ಸೆಟ್ಟು, ಕೆಟ್ಟ ಜಾಗದ ಹೊಸ ಸೆಟ್ಟನ್ನು ಸುಲಭವಾಗಿ ಸೋಲಿಸುತ್ತದೆ.

ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯ ಜಾಗ ಸಿಗುತ್ತದೆ.

ಒಂದು, ಎತ್ತರದ ಗುಡ್ಡ. ಬಾಯಾರು, ಧರ್ಮತ್ತಡ್ಕ ಕಡೆಯ ಪೊಸಡಿಗುಂಪೆ ಇದಕ್ಕೆ ಒಳ್ಳೆಯ ಉದಾಹರಣೆ. ಸಮುದ್ರಮಟ್ಟದಿಂದ ಸಾವಿರ ಅಡಿ ದಾಟುತ್ತದೆ. ವಿಎಚ್‌ಎಫ್, ಅಂದರೆ 145 ಮೆಗಾಹರ್ಟ್ಸಿನಂಥ ಎತ್ತರದ ಫ್ರೀಕ್ವೆನ್ಸಿಯ ಮಾತು ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದೂರಕ್ಕೆ ಹೋಗುತ್ತದೆ. ಲೆಕ್ಕ ಸುಲಭ: ಎತ್ತರವನ್ನು ಮೀಟರಿನಲ್ಲಿ ಹಾಕಿ ವರ್ಗಮೂಲ ತೆಗೆದು 4.12ರಿಂದ ಗುಣಿಸಿ. 300 ಮೀಟರ್ ಎತ್ತರದಿಂದ ಸುಮಾರು 71 ಕಿ.ಮೀ. ಬರುತ್ತದೆ. ಆ ಕಡೆಯವರೂ ಎತ್ತರದಲ್ಲಿದ್ದರೆ ಇನ್ನೂ ಜಾಸ್ತಿ. ಕೈಯಲ್ಲಿ ಹಿಡಿಯುವ 5 ವಾಟಿನ ಸೆಟ್ಟಿನಿಂದಲೇ ಮಂಗಳೂರನ್ನು ಹಿಡಿಯಬಹುದು. ಆದರೆ ಇಂಥ ಜಾಗಕ್ಕೆ ವಾರಾಂತ್ಯದಲ್ಲಿ ನೋಡಲು ಬರುವ ಜನರೂ ಇರುತ್ತಾರೆ. ಹಗ್ಗ ಎಡವುವವರು, ಆಂಟೆನಾ ಮುಟ್ಟುವ ಮಕ್ಕಳು, ಸೆಲ್ಫಿ ತೆಗೆಯುವವರು ಎಲ್ಲರನ್ನೂ ನೋಡಿಕೊಳ್ಳಬೇಕು.

ಎರಡು, ಪದವು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇಂಥ ಬೋಳು ಮುರಕಲ್ಲಿನ ಬಯಲುಗಳು ಬೇಕಾದಷ್ಟಿವೆ. ನನ್ನ ಓಟು ಇದಕ್ಕೆ. ಸಮತಟ್ಟು, ಮರ ಇಲ್ಲ, ಮನೆ ದೂರ, ವಾಹನ ಹತ್ತಿರದವರೆಗೆ ಬರುತ್ತದೆ, ತಂತಿ ಎಳೆಯಲು ಎಷ್ಟು ಬೇಕಾದರೂ ಜಾಗ. ನೆರಳಿಲ್ಲ, ನೀರಿಲ್ಲ, ಗೂಟ ಇಳಿಯುವುದಿಲ್ಲ. ಈ ಮೂರಕ್ಕೂ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಮೂರು, ಕಡಲ ಬದಿ. ಮಂಜೇಶ್ವರದ ಕಣ್ವತೀರ್ಥದಂಥ ಕಡೆ ನೀರಿನ ಹತ್ತಿರವೇ ನೆಟ್ಟಗೆ ನಿಲ್ಲುವ ವರ್ಟಿಕಲ್ ಆಂಟೆನಾ ಹಾಕಿದರೆ ದೂರದ ದೇಶಗಳು ಚೆನ್ನಾಗಿ ಸಿಗುತ್ತವೆ. ಉಪ್ಪುನೀರು ಒಳ್ಳೆಯ ವಾಹಕ. ಅಲೆ ಕೆಳಕೋನದಲ್ಲಿ ದೂರಕ್ಕೆ ಹೊರಡಲು ಅದು ಸಹಾಯ ಮಾಡುತ್ತದೆ. ಪಶ್ಚಿಮಕ್ಕೆ ಅಡ್ಡಿಯೇ ಇಲ್ಲ, ಬರೀ ಅರಬ್ಬೀ ಸಮುದ್ರ. ತೊಂದರೆ ಏನೆಂದರೆ ಮರಳು ಮತ್ತು ಉಪ್ಪುಗಾಳಿ. ಕನೆಕ್ಟರಿನೊಳಗೆ ಹೊಕ್ಕ ಮರಳು ವರ್ಷಗಟ್ಟಲೆ ಕಾಡುತ್ತದೆ.

ಬೇಕಲ ಕೋಟೆಯ ಆಸೆ ಬಿಟ್ಟುಬಿಡಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಬುರುಜಿಗೆ ಹಗ್ಗ ಕಟ್ಟಲು ಬಿಡುವುದಿಲ್ಲ, ಬಿಡಲೂ ಬಾರದು.

ಜಾಗ ನೋಡಲು ಹೋಗುವಾಗ ಒಂದು ಚಿಕ್ಕ ಎಚ್‌ಎಫ್ ಸೆಟ್ಟು (ದೂರದ ಊರು, ದೇಶಗಳ ಜೊತೆ ಮಾತಾಡುವ ಶಾರ್ಟ್‌ವೇವ್ ಸೆಟ್ಟು), ಹತ್ತು ಮೀಟರ್ ತಂತಿ ಒಯ್ಯಿರಿ. ಸಂಜೆ ಏಳು ಗಂಟೆಗೆ, ಎಲ್ಲ ಮನೆಗಳಲ್ಲಿ ಎಲ್‌ಇಡಿ ದೀಪ ಹೊತ್ತಿದ ಮೇಲೆ, 7 ಮೆಗಾಹರ್ಟ್ಸ್ ತೆರೆದು ಸುಮ್ನೆ ಕೇಳಿ. ಶಬ್ದದ ಜೋರು ತೋರಿಸುವ ಸೆಟ್ಟಿನ ಮೀಟರ್ ಎಸ್‌7ರ ಮೇಲೆ ನಿಂತಿದ್ದರೆ ಆ ಜಾಗ ಬೇಡ. ಎಸ್‌2, ಎಸ್‌3ರ ಹತ್ತಿರ ಇದ್ದರೆ ಅಲ್ಲೇ ಮುಂಗಡ ಮಾತು ಮುಗಿಸಿ. ಹಾಗೆಯೇ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಲೈನ್ ಎಲ್ಲಿ ಹಾದುಹೋಗಿದೆ ಅಂತ ಗುರುತು ಮಾಡಿ. ನಿಮ್ಮ ಕಂಬ ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ತಾಗಬಾರದು. ಕಂಬದ ಉದ್ದದ ಎರಡರಷ್ಟು ದೂರ ಬಿಟ್ಟರೆ ನೆಮ್ಮದಿ.

ಕಂಬ: ದೋಟಿಯ ವಿಷಯ

ಬೇರೆ ಊರಿನ ಹ್ಯಾಮ್‌ಗಳು ಟೆಲಿಸ್ಕೋಪಿಕ್ ಮಾಸ್ಟ್‌ಗೆ ಆನ್‌ಲೈನಿನಲ್ಲಿ ಹುಡುಕುತ್ತಾರೆ. ನಮ್ಮಲ್ಲಿ ಅಡಿಕೆ ತೋಟ ಇರುವ ಮನೆಯ ಅಟ್ಟದಲ್ಲೇ ಅದು ಮಲಗಿರುತ್ತದೆ. ಕೊಯ್ಲಿಗೆ, ಮದ್ದು ಬಿಡಲಿಕ್ಕೆ ಅಂತ ಈಚಿನ ವರ್ಷಗಳಲ್ಲಿ ಬಂದ ಕಾರ್ಬನ್ ಫೈಬರ್ ದೋಟಿ ಹಗುರ, ಗಟ್ಟಿ, ಒಂದರೊಳಗೊಂದು ಸೇರಿ ಮಡಚಿಕೊಳ್ಳುತ್ತದೆ. ಆದರೆ ಮೂರು ವಿಷಯ ತಿಳಿದೇ ಅದಕ್ಕೆ ಕೈ ಹಾಕಿ.

ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿ ತೋಟಗಳಲ್ಲಿ ಜೀವ ಹೋದ ಸುದ್ದಿ ನಾವೆಲ್ಲ ಓದಿದ್ದೇವೆ. ಕಾರ್ಬನ್ ದೋಟಿಯಲ್ಲೂ ಅದೇ ಅಪಾಯ. ಲೈನಿನ ಹತ್ತಿರ ಎತ್ತಲೇಬೇಡಿ.

ಎರಡನೆಯದು, ವಾಹಕ ಆದ್ದರಿಂದಲೇ ಅದರ ಮೈಗೆ ಸುತ್ತಿ ವರ್ಟಿಕಲ್ ತಂತಿ ಕಟ್ಟಬೇಡಿ, ಟ್ಯೂನಿಂಗ್ ಹಾಳಾಗುತ್ತದೆ. ನಡುವಿನಿಂದ ಎರಡು ಬದಿಗೆ ಚಾಚುವ ತಂತಿ ಆಂಟೆನಾ, ಅಂದರೆ ಡೈಪೋಲಿನ ನಡುವನ್ನು ಎತ್ತಿ ಹಿಡಿಯುವ ಕೆಲಸಕ್ಕೆ ಮಾತ್ರ ಬಳಸಿ. ತುದಿಗೆ ಒಂದು ಗೇಣು ಪಿವಿಸಿ ಪೈಪ್ ಸಿಕ್ಕಿಸಿ ಅದಕ್ಕೆ ಆಂಟೆನಾ ಕಟ್ಟಿದರೆ ಸಾಕು.

ಮೂರನೆಯದು, ದೋಟಿಯನ್ನು ಪೂರ್ತಿ ಎಳೆಯಬೇಡಿ. ತುದಿಯ ತೆಳು ಭಾಗಗಳು ಕೈಯಲ್ಲಿ ಹಿಡಿದು ಬಳಸಲು ಇರುವಂಥವು. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೋಕ್ಸ್ ಕೇಬಲಿನ ಭಾರ, ಬೆಳಗಿನ ಗಾಳಿ ಎರಡನ್ನೂ 24 ಗಂಟೆ ತಡೆಯುವುದಿಲ್ಲ. ದಪ್ಪ ಭಾಗಗಳನ್ನು ಮಾತ್ರ ಎಳೆದು 25ರಿಂದ 30 ಅಡಿಗೆ ನಿಲ್ಲಿಸಿ. ಪ್ರತಿ ಬಿಗಿತದ ಮೇಲೆ ಎರಡು ಸುತ್ತು ಟೇಪ್ ಹಾಕಿ, ರಾತ್ರಿ ಇಬ್ಬನಿಗೆ ಜಾರುತ್ತದೆ.

ದೋಟಿ ಇಲ್ಲದಿದ್ದರೆ ಬಿದಿರಿನ ಗಳ. ಚಿಂತೆಯಿಲ್ಲದ ಸಾಮಾನು, ವಿದ್ಯುತ್ ತೊಂದರೆ ಕಡಿಮೆ, ಆದರೆ ಭಾರ. ಪದವಿನ ಅಂಚಿನಲ್ಲಿ ಗೇರುಮರ ಇದ್ದರೆ ಕವಣೆಯಲ್ಲಿ ಗಾಳದ ದಾರ ಮತ್ತು ಸೀಸದ ಗುಂಡು ಹಾರಿಸಿ, ಅದಕ್ಕೆ ತೆಳು ಹಗ್ಗ, ತೆಳು ಹಗ್ಗಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದುಕೊಳ್ಳಬಹುದು.

ಈಗ ಗೂಟದ ಪ್ರಶ್ನೆ. ಮುರಕಲ್ಲಿಗೆ ಡೇರೆಯ ಗೂಟ ಹೊಡೆದರೆ ಗೂಟ ಬಾಗುತ್ತದೆ, ಕಲ್ಲು ನಗುತ್ತದೆ. ಕಟ್ಟಡಕ್ಕೆ ಬಳಸುವ ಕೆಂಪುಕಲ್ಲನ್ನು ಪಿಕಪ್ಪಿನಲ್ಲಿ ತನ್ನಿ. ಒಂದೊಂದು ಹಗ್ಗಕ್ಕೆ ಎರಡು ಕಲ್ಲು. ಇಲ್ಲವೇ ಖಾಲಿ ಗೋಣಿ ತಂದು ಅಲ್ಲಿಯ ಸಡಿಲ ಕಲ್ಲನ್ನೇ ತುಂಬಿ. ಕಂಬದ ಬುಡಕ್ಕೆ ಒಂದು ಅಗಲ ಹಲಗೆ, ಅದರ ಮೇಲೆ ಪೈಪ್ ಬೆಸುಗೆ ಹಾಕಿದ ಕಬ್ಬಿಣದ ತಗಡು. ಹಲಗೆಯ ಮೇಲೆ ಜೀಪಿನ ಚಕ್ರ ಹತ್ತಿಸಿ ನಿಲ್ಲಿಸಿದರೆ ಆನೆ ಬಂದರೂ ಅಲ್ಲಾಡದು. ಹಗ್ಗ ಮೂರು ದಿಕ್ಕಿಗೆ, ಎರಡು ಎತ್ತರದಲ್ಲಿ. ತೆಂಗಿನ ನಾರಿನ ಹಗ್ಗ ಅಗ್ಗ, ಆದರೆ ಇಬ್ಬನಿಗೆ ಒದ್ದೆಯಾಗಿ ಒಣಗುವಾಗ ಬಿಗಿ ಬದಲಾಗುತ್ತದೆ, ಕಂಬ ವಾಲುತ್ತದೆ. ನೈಲಾನ್ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಗ್ಗ ಎಲ್ಲಕ್ಕಿಂತ ಒಳ್ಳೆಯದು. ಪ್ರತಿ ಹಗ್ಗಕ್ಕೂ ತಲೆಮಟ್ಟದಲ್ಲಿ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಕುತ್ತಿಗೆ ಉಳಿಯುತ್ತದೆ.

ತಂತಿ ಕತ್ತರಿಸುವುದು

ಮೊದಲ ವರ್ಷಕ್ಕೆ ಡೈಪೋಲ್ ಬಿಟ್ಟು ಬೇರೇನೂ ಬೇಡ. ಒಟ್ಟು ಉದ್ದ ಮೀಟರಿನಲ್ಲಿ ಬೇಕಿದ್ದರೆ 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ. 7.1 ಮೆಗಾಹರ್ಟ್ಸಿಗೆ 20.14 ಮೀಟರ್, ಅಂದರೆ ಒಂದು ಬದಿಗೆ 10.07. 14.2 ಮೆಗಾಹರ್ಟ್ಸಿಗೆ ಅದರ ಅರ್ಧ. ಮನೆ ವೈರಿಂಗಿನ 1.5 ಚದರ ಮಿ.ಮೀ. ವಯರ್ ಸಾಕು. ತುದಿಗೆ ಪಿವಿಸಿ ಪೈಪಿನ ತುಂಡು ಇನ್ಸುಲೇಟರ್.

ಕತ್ತರಿಸುವಾಗ ಪ್ರತಿ ಬದಿಗೂ ಸ್ವಲ್ಪ ಜಾಸ್ತಿ ಬಿಡಿ, 10.30 ಅನ್ನಿ. ಎತ್ತಿ ಕಟ್ಟಿ, ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದುತ್ತದೆ ಅಂತ ತೋರಿಸುವ ನ್ಯಾನೋ ವಿಎನ್‌ಎ ಅಥವಾ ಎಸ್‌ಡಬ್ಲ್ಯೂಆರ್ ಮೀಟರಿನಲ್ಲಿ ನೋಡಿ. ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಆಗುವ ತಗ್ಗು 6.95ರಲ್ಲಿ ಬಂತು ಅಂದುಕೊಳ್ಳಿ. ಈಗಿನ ಒಟ್ಟು ಉದ್ದ 20.60. ಅದನ್ನು 6.95ರಿಂದ ಗುಣಿಸಿ 7.10ರಿಂದ ಭಾಗಿಸಿದರೆ 20.16. ಅಂದರೆ 44 ಸೆಂ.ಮೀ. ಕಡಿಮೆ ಮಾಡಬೇಕು, ಒಂದು ಬದಿಗೆ 22. ಕತ್ತರಿ ತೆಗೆಯಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿಬಿಡಿ. ಅಂಗಳದಲ್ಲಿ ಸರಿಹೋದ ಉದ್ದ ಪದವಿನ ಮೇಲೆ ತುಸು ಬದಲಾಗುತ್ತದೆ. ಮಡಚಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಅಂಟಿಸುವುದು ರಗಳೆ.

ನಡುವನ್ನು ದೋಟಿಯ ತುದಿಗೆ ಕಟ್ಟಿ ಎರಡು ತೋಳನ್ನು ಇಳಿಜಾರಾಗಿ ಎಳೆದರೆ ಇನ್ವರ್ಟೆಡ್ ವಿ. ಒಂದೇ ಕಂಬ ಸಾಕು, ಅದಕ್ಕೇ ಫೀಲ್ಡ್ ಡೇಗೆ ಅಷ್ಟು ಪ್ರೀತಿಯದು. ತುದಿಗಳು ನೆಲದಿಂದ ಎಂಟು ಅಡಿಗಾದರೂ ಮೇಲಿರಲಿ. ಮಾತಾಡುವಾಗ ತುದಿಯಲ್ಲೇ ವೋಲ್ಟೇಜ್ ಜಾಸ್ತಿ, ಮುಟ್ಟಿದರೆ ಸುಡುತ್ತದೆ.

30 ಅಡಿ ಎತ್ತರ 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸಿನ ಬ್ಯಾಂಡಿಗೆ ಅದರ ಅಲೆಯ ಉದ್ದದಿಂದ ಬಂದ ಹೆಸರು) ಕಡಿಮೆ ಅಂತ ಪುಸ್ತಕ ಓದಿದವರು ಹೇಳುತ್ತಾರೆ. ದೂರದೇಶಕ್ಕೆ ಕಡಿಮೆ ಹೌದು. ಆದರೆ ತಗ್ಗಿನ ಡೈಪೋಲ್ ಅಲೆಯನ್ನು ನೆತ್ತಿಯ ಮೇಲಕ್ಕೆ ಕಳಿಸುತ್ತದೆ, ಅದು ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಹಗಲಿಗೆ ಬೆಂಗಳೂರು, ಮೈಸೂರು, ಕೊಚ್ಚಿ, ಚೆನ್ನೈ ಎಲ್ಲ ಒಟ್ಟಿಗೆ ಕೇಳಿಸುತ್ತವೆ. ನೆರೆ ಬಂದಾಗ ನಮಗೆ ಬೇಕಾದದ್ದು ಬ್ರೆಜಿಲ್ ಅಲ್ಲ, ಬೆಂಗಳೂರು ಅಲ್ವಾ?

ಕೇಬಲಿನ ಬಗ್ಗೆ ಒಂದೇ ಮಾತು. ಆರ್‌ಜಿ 58 ತೆಳು ಕೇಬಲ್ 30 ಮೀಟರ್ ಎಳೆದರೆ 7 ಮೆಗಾಹರ್ಟ್ಸಿನಲ್ಲಿ ನಷ್ಟ ಅಷ್ಟಿಲ್ಲ. ಅದೇ ಕೇಬಲನ್ನು 145 ಮೆಗಾಹರ್ಟ್ಸಿಗೆ ಹಾಕಿದರೆ ಶಕ್ತಿಯ ಮುಕ್ಕಾಲು ಪಾಲು ದಾರಿಯಲ್ಲೇ ಕರಗುತ್ತದೆ. ವಿಎಚ್‌ಎಫ್‌ಗೆ ದಪ್ಪ ಆರ್‌ಜಿ 213 ಹಾಕಿ, ಇಲ್ಲವೇ ಸೆಟ್ಟನ್ನೇ ಕಂಬದ ಬುಡಕ್ಕೆ ಒಯ್ಯಿರಿ.

ಬ್ಯಾಟರಿ ಲೆಕ್ಕ

100 ವಾಟಿನ ಎಚ್‌ಎಫ್ ಸೆಟ್ಟು ಕೇಳುವಾಗ ಒಂದರಿಂದ ಒಂದೂವರೆ ಆಂಪಿಯರ್, ಪೂರ್ತಿ ಜೋರಿನಲ್ಲಿ ಮಾತಾಡುವಾಗ 20 ಆಂಪಿಯರ್ ದಾಟಿ ತಿನ್ನುತ್ತದೆ. ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಸೈಡ್‌ಬ್ಯಾಂಡ್ ವಿಧಾನದಲ್ಲಿ ಮಾತಿನ ಏರಿಳಿತ ಇರುವುದರಿಂದ ಸರಾಸರಿ 10 ಅನ್ನೋಣ. ಕಾಲು ಪಾಲು ಸಮಯ ಮಾತು, ಮುಕ್ಕಾಲು ಕೇಳುವುದು ಅಂತ ಹಿಡಿದರೆ ಗಂಟೆಗೆ ಸುಮಾರು 3.6 ಆಂಪಿಯರ್. 24 ಗಂಟೆಗೆ 87 ಆಂಪಿಯರ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬಳಸಿದರೆ ಅದರ ಆಯುಷ್ಯ ಮುಗಿಯುತ್ತದೆ. ಹಾಗಾಗಿ ಬೇಕಾದ್ದು 170 ಹತ್ತಿರ.

ಗಾಬರಿ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ 150 ಆಂಪಿಯರ್ ಅವರ್ ಇನ್‌ವರ್ಟರ್ ಬ್ಯಾಟರಿ ಇದ್ದೇ ಇದೆ. ಮನೆಯವರ ಒಪ್ಪಿಗೆ ಪಡೆದು ಒಯ್ಯಿರಿ, ಕೇಳದೆ ಒಯ್ದರೆ ಆಮೇಲಿನ ಕಥೆಗೆ ನಾನು ಜವಾಬ್ದಾರನಲ್ಲ. ಅದು ಇಬ್ಬರು ಹೊರುವ ಭಾರ, ಆಸಿಡ್ ಚೆಲ್ಲದಂತೆ ನೆಟ್ಟಗೇ ಇರಬೇಕು. ಜೊತೆಗೆ 100 ವಾಟಿನ ಒಂದು ಸೋಲಾರ್ ಪ್ಯಾನೆಲ್ ಇದ್ದರೆ ಜನವರಿಯ ಬಿಸಿಲಿಗೆ ದಿನಕ್ಕೆ 25ರಿಂದ 30 ಆಂಪಿಯರ್ ಅವರ್ ವಾಪಸ್ ಬರುತ್ತದೆ. ಅಗ್ಗದ ಚಾರ್ಜ್ ಕಂಟ್ರೋಲರ್‌ಗಳು ಎಚ್‌ಎಫ್‌ನಲ್ಲಿ ಗುಯ್ ಅಂತ ಶಬ್ದ ಮಾಡುತ್ತವೆ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಶಬ್ದ ಇದ್ದರೆ ಪ್ಯಾನೆಲನ್ನು ಬಳಕೆಯಲ್ಲಿಲ್ಲದ ಬ್ಯಾಟರಿಗೆ ಕಟ್ಟಿ ದೂರ ಇಡಿ, ಪಾಳಿಯಲ್ಲಿ ಬದಲಿಸಿಕೊಳ್ಳಿ.

ಬ್ಯಾಟರಿಯಿಂದ ಸೆಟ್ಟಿಗೆ ದಪ್ಪ, ಗಿಡ್ಡ ವಯರ್. ಬ್ಯಾಟರಿಯ ತುದಿಯಲ್ಲೇ ಫ್ಯೂಸ್. ಇನ್‌ವರ್ಟರ್ ಮೂಲಕ 230 ವೋಲ್ಟ್ ಮಾಡಿ ಮತ್ತೆ ಪವರ್ ಸಪ್ಲೈಯಿಂದ 13.8ಕ್ಕೆ ಇಳಿಸುವವರನ್ನು ನೋಡಿದ್ದೇನೆ, ಅದರಲ್ಲಿ ಶಕ್ತಿಯೂ ನಷ್ಟ, ಗದ್ದಲವೂ ಉಚಿತ. ಜನರೇಟರ್ ತರಲೇಬೇಕಾದರೆ ಗಾಳಿಯ ಕೆಳದಿಕ್ಕಿಗೆ, ಡೇರೆಯಿಂದ ದೂರ ಇಡಿ. ಜನವರಿಯಲ್ಲಿ ಪದವಿನ ಮುಳಿಹುಲ್ಲು ಬೆಂಕಿಗೆ ಕಾದು ಕೂತಿರುತ್ತದೆ. ಸೈಲೆನ್ಸರಿನ ಸುತ್ತ ಹುಲ್ಲು ಕೆರೆದು ತೆಗೆಯಿರಿ. ಕ್ಯಾಂಪ್‌ಫೈರ್ ಬೇಡವೇ ಬೇಡ.

ಎರಡು ಸ್ಟೇಷನ್ ಇದ್ದರೆ

ಒಂದೇ ಬಯಲಿನಲ್ಲಿ ಎರಡು ಸೆಟ್ಟು ಕೂತರೆ ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಿವಿ ಮುಚ್ಚುತ್ತದೆ. ಕೆಟ್ಟ ಜೋಡಿ 40 ಮೀಟರ್ ಮತ್ತು 15 ಮೀಟರ್. 7.05ರ ಮೂರು ಪಟ್ಟು 21.15, ಸರಿಯಾಗಿ ಪಕ್ಕದವರ ಬ್ಯಾಂಡಿನೊಳಗೆ ಬೀಳುತ್ತದೆ. 40 ಮತ್ತು 20ರಲ್ಲೂ 7.1ರ ಎರಡು ಪಟ್ಟು 14.2 ಆಗುತ್ತದೆ. ನಿಮ್ಮ ಬ್ಯಾಂಡನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವ ಬ್ಯಾಂಡ್‌ಪಾಸ್ ಫಿಲ್ಟರ್ ಇದ್ದರೆ ಹಾಕಿ. ಇಲ್ಲದಿದ್ದರೆ ಪದವಿನ ಅಗಲವನ್ನು ಬಳಸಿಕೊಳ್ಳಿ, ನೂರು ಮೀಟರ್ ದೂರ ಇಡಿ. ಎರಡು ಡೈಪೋಲ್‌ಗಳನ್ನು ಒಂದರ ತುದಿ ಇನ್ನೊಂದರ ತುದಿಗೆ ಎದುರಾಗುವಂತೆ ಒಂದೇ ಸಾಲಿನಲ್ಲಿ ಕಟ್ಟಿ, ಅಕ್ಕಪಕ್ಕ ಸಮಾನಾಂತರ ಬೇಡ. ತುದಿಯ ಕಡೆಗೆ ಡೈಪೋಲ್ ಕಡಿಮೆ ಹೊಮ್ಮುತ್ತದೆ.

ಆ ದಿನ

ಬೆಳಗ್ಗೆ ಏಳಕ್ಕೆ ಸಾಮಾನು ಇಳಿಸಿ. ಮೊದಲು ನೆರಳು, ಆಮೇಲೆ ರೇಡಿಯೋ. ಟಾರ್ಪಾಲ್ ಕಟ್ಟದೆ ಕಂಬಕ್ಕೆ ಕೈ ಹಾಕಿದರೆ ಹತ್ತು ಗಂಟೆಗೆ ಎಲ್ಲರ ತಲೆ ಕಾದಿರುತ್ತದೆ. ಅಡಿಕೆ ಹಾಳೆಯ ಮುಟ್ಟಾಳೆ ಇದ್ದವರು ಹಾಕಿಕೊಳ್ಳಿ, ಯಾವ ಕ್ಯಾಪೂ ಅದಕ್ಕೆ ಸಮ ಅಲ್ಲ. ಕಂಬ ಎತ್ತುವಾಗ ಒಬ್ಬರೇ ಆಜ್ಞೆ ಕೊಡಬೇಕು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲದರಲ್ಲೂ ಒಟ್ಟಿಗೆ ಸಲಹೆ ಬಂದರೆ ಕಂಬ ಯಾವ ಭಾಷೆಯನ್ನೂ ಕೇಳುವುದಿಲ್ಲ.

ಬ್ಯಾಂಡುಗಳ ದಿನಚರಿ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಗ್ಗೆ 40 ಮೀಟರಿನಲ್ಲಿ ನಮ್ಮ ದೇಶದವರು. ಬಿಸಿಲು ಏರಿದ ಮೇಲೆ 15 ಮತ್ತು 10 ಮೀಟರಿನಲ್ಲಿ ಪೂರ್ವದ ಕಡೆ, ಆಗ್ನೇಯ ಏಷ್ಯಾ, ಜಪಾನ್, ಆಸ್ಟ್ರೇಲಿಯ. ಮಧ್ಯಾಹ್ನ ಕಳೆದಂತೆ ಯುರೋಪ್, ಸಂಜೆಗೆ 20 ಮೀಟರ್. ರಾತ್ರಿ ಮತ್ತೆ 40, ಈ ಸಲ ದೂರಕ್ಕೆ. ನಮ್ಮಲ್ಲಿ 40 ಮೀಟರ್ ಬ್ಯಾಂಡ್ 7.000ರಿಂದ 7.200 ಮೆಗಾಹರ್ಟ್ಸ್ ತನಕ ಮಾತ್ರ. ಅಮೆರಿಕದವರು ಅದರ ಮೇಲೆ ಮಾತಾಡುವುದು ಕೇಳಿಸಿದರೂ ಅಲ್ಲಿಗೆ ಹೋಗಬೇಡಿ.

ಕರೆಯುವಾಗ ಮೊದಲು ಫ್ರೀಕ್ವೆನ್ಸಿ ಖಾಲಿ ಇದೆಯಾ ಅಂತ ಕೇಳಿ, ಮತ್ತೊಮ್ಮೆ ಕೇಳಿ, ಆಮೇಲೆ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಎಂಬ ಕರೆ. ಕಾಲ್‌ಸೈನನ್ನು ವಿಕ್ಟರ್ ಯೂನಿಫಾರ್ಮ್ ಎಂದು ಬಿಡಿಸಿ ಹೇಳಿ. ವಿನಿಮಯ ಗಿಡ್ಡ ಇರಲಿ: ಸಿಗ್ನಲ್ ವರದಿ, ಕ್ರಮಸಂಖ್ಯೆ, ಗ್ರಿಡ್ (ಜಾಗವನ್ನು ಹೇಳಲು ಹ್ಯಾಮ್‌ಗಳು ಬಳಸುವ ನಕ್ಷೆಯ ಚೌಕ). ನಮ್ಮ ಜಿಲ್ಲೆ ಇಡೀ ಎಂಕೆ72 ಚೌಕದೊಳಗೆ ಬರುತ್ತದೆ, ಮಂಗಳೂರೂ ಅದರಲ್ಲೇ. ಕಣ್ಣೂರು ಪೇಟೆ ಎಂಕೆ71. ರಾಜಕೀಯ, ಧರ್ಮ, ವ್ಯಾಪಾರ ಮೈಕಿನಲ್ಲಿ ಬೇಡ, ಅದಕ್ಕೆ ಊಟದ ಹೊತ್ತಿದೆ.

ಲಾಗ್ ಯುಟಿಸಿಯಲ್ಲಿ ಬರೆಯಿರಿ. ನಮ್ಮ ಗಂಟೆಯಿಂದ ಐದೂವರೆ ಕಳೆಯಬೇಕು. ಮಧ್ಯಾಹ್ನ 2:30 ಅಂದರೆ 09:00. ಭಾನುವಾರ ನಸುಕಿನ 2 ಗಂಟೆ ಅಂದರೆ ಶನಿವಾರ 20:30. ನಿದ್ದೆಗಣ್ಣಿನಲ್ಲಿ ತಾರೀಕು ತಪ್ಪುವುದು ಇಲ್ಲೇ. ಒಂದು ಗಡಿಯಾರವನ್ನು ಯುಟಿಸಿಗೆ ಇಟ್ಟು ಮೇಜಿನ ಮೇಲೆ ಇಡಿ. ಲ್ಯಾಪ್‌ಟಾಪ್ ಇದ್ದರೂ ಕಾಗದದ ಪುಸ್ತಕ ಪಕ್ಕದಲ್ಲಿರಲಿ.

ಅಂಕದ ನಿಯಮ ನಿಮ್ಮ ಕ್ಲಬ್ಬಿನದೇ ಮಾಡಿಕೊಳ್ಳಿ. ಎಆರ್‌ಆರ್‌ಎಲ್ ಮಾದರಿಯಲ್ಲಿ ಮಾತಿನ ಕಾಂಟ್ಯಾಕ್ಟಿಗೆ ಒಂದು, ಮೋರ್ಸ್‌ಗೆ ಎರಡು ಅಂಕ. ಸೋಲಾರಿನಂಥ ಶಕ್ತಿಯಿಂದ ಐದು ಕಾಂಟ್ಯಾಕ್ಟ್ ಮಾಡಿದರೆ 100 ಬೋನಸ್. ನಾನಾದರೆ ಇನ್ನೊಂದು ಸೇರಿಸುತ್ತೇನೆ: ಹೊಸದಾಗಿ ಲೈಸೆನ್ಸ್ ಸಿಕ್ಕಿದ ವಿಯು3 ಒಬ್ಬರು ಮೊದಲ ಸಲ ಎಚ್‌ಎಫ್‌ನಲ್ಲಿ ಮಾತಾಡಿದರೆ ದೊಡ್ಡ ಬೋನಸ್. ಇಲ್ಲದಿದ್ದರೆ ಅನುಭವಿಗಳು ಕುರ್ಚಿ ಬಿಟ್ಟು ಏಳುವುದೇ ಇಲ್ಲ.

ನೋಡಲು ಬಂದ ಶಾಲೆಯ ಮಕ್ಕಳಿಗೆ ಹೆಡ್‌ಫೋನ್ ಕೊಡಿ, ಮೈಕ್ ಕೊಡಬೇಡಿ. ಲೈಸೆನ್ಸ್ ಇಲ್ಲದವರು ಕೇಳಬಹುದು, ಮಾತಾಡುವಂತಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹೊತ್ತು ನೋಡಿಟ್ಟುಕೊಂಡು 145.800ರಲ್ಲಿ ಕಿವಿಗೊಡಲು ಹೇಳಿ. 2005ರಲ್ಲಿ ನಮ್ಮ ಇಸ್ರೋ ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹ ಹಾರಿಸಿತ್ತು, ಅದು 2014ರವರೆಗೆ ಕೆಲಸ ಮಾಡಿತು ಅಂದರೆ ಮಕ್ಕಳ ಕಣ್ಣು ಅರಳುತ್ತದೆ.

ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮನೆಯಿಂದ ಕಟ್ಟಿ ತಂದ ಕೊಟ್ಟೆಕಡುಬು, ಗೊಜ್ಜವಲಕ್ಕಿ, ಒಂದು ದೊಡ್ಡ ಪಾತ್ರೆ ಮಜ್ಜಿಗೆ, ರಾತ್ರಿಗೆ ಗಂಜಿ ಚಟ್ನಿ. ನೀರು ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಇರಲಿ, ಪದವಿನಲ್ಲಿ ಬಾವಿ ಇಲ್ಲ.

ರಾತ್ರಿ ಶೂ ಹಾಕದೆ, ಟಾರ್ಚ್ ಇಲ್ಲದೆ ಯಾರೂ ಡೇರೆ ಬಿಟ್ಟು ಹೋಗಬಾರದು. ಕಲ್ಲಿನ ಸಂದಿ ಕೊಳಕುಮಂಡಲಕ್ಕೆ ಇಷ್ಟದ ಜಾಗ. ಹಾವಿನ ಕಡಿತಕ್ಕೆ ಮದ್ದಿರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದು ಮೇಜಿನ ಮೇಲೆ ಬರೆದಿರಲಿ. ಗುಡುಗು ಕೇಳಿಸಿದರೆ ಯಾವ ಕಾಂಟ್ಯಾಕ್ಟ್ ನಡೆಯುತ್ತಿದ್ದರೂ ಕೇಬಲ್ ಕಳಚಿ ಹೊರಗೆ ಎಸೆದು ಕಾರಿನೊಳಗೆ ಕೂರಿ. ಬೋಳು ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ನಿಮ್ಮ ಕಂಬವೇ.

ಬಿಚ್ಚುವುದು

ಬಿಚ್ಚುವ ಕೆಲಸ ಹಗಲಲ್ಲೇ ಆಗಬೇಕು. ರಾತ್ರಿ ನಿದ್ದೆ ಇಲ್ಲದವರು ಕಂಬ ಇಳಿಸಬಾರದು, ಸಾಕಷ್ಟು ಮಲಗಿದ ನಾಲ್ಕು ಮಂದಿಯನ್ನು ಅದಕ್ಕೆಂದೇ ಮೊದಲೇ ಗೊತ್ತುಮಾಡಿ. ತಂತಿ, ಟೇಪ್, ಕೇಬಲ್‌ಟೈಯ ಚೂರುಗಳನ್ನು ಒಬ್ಬರು ಬುಟ್ಟಿ ಹಿಡಿದು ಹೆಕ್ಕಲಿ. ಪದವಿನಲ್ಲಿ ದನ ಮೇಯುತ್ತವೆ, ತಾಮ್ರದ ತುಂಡು ಹುಲ್ಲಿನ ಜೊತೆ ಹೊಟ್ಟೆ ಸೇರಿದರೆ ದನಕ್ಕೂ ಕಷ್ಟ, ಮುಂದಿನ ವರ್ಷ ಜಾಗ ಕೇಳುವ ನಿಮಗೂ ಕಷ್ಟ. ಬಂದ ಕೆಂಪುಕಲ್ಲು ಬಂದಲ್ಲಿಗೇ ಹೋಗಲಿ.

ಯಾವುದು ಮುರಿಯಿತು, ಯಾವುದು ಸಾಲಲಿಲ್ಲ, ಯಾವುದನ್ನು ಸುಮ್ನೆ ಹೊತ್ತುಕೊಂಡು ಬಂದೆವು ಅಂತ ಅಲ್ಲೇ ಕೂತು ಲಾಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯಿರಿ, ಮನೆಗೆ ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮಾತಾಡಿದ್ದಕ್ಕೆ ಗುರುತಾಗಿ ಕೊಡುವ ಕ್ಯೂಎಸ್‌ಎಲ್ ಕಾರ್ಡು ಕಳಿಸುವ ಜವಾಬ್ದಾರಿ ಒಬ್ಬರದ್ದೇ ಆಗಿರಲಿ. ಬ್ಯಾಟರಿಗಳನ್ನು ಅದೇ ಸಂಜೆ ಚಾರ್ಜಿಗೆ ಹಾಕಿ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿ ವಾರವಿಡೀ ಮೂಲೆಯಲ್ಲಿ ಕೂತರೆ ಒಳಗಿನ ತಗಡಿಗೆ ಸಲ್ಫೇಟ್ ಹಿಡಿಯುತ್ತದೆ. ಆಮೇಲೆ ಕರೆಂಟ್ ಹೋದ ರಾತ್ರಿ ಮನೆಯ ಫ್ಯಾನ್ ತಿರುಗದಿದ್ದರೆ ಬೈಗುಳ ಫೀಲ್ಡ್ ಡೇಗೇ.